ನಿಮಿಷಕ್ಕೆ ಎರಡು ಹನಿ

ಹೊಸ ಬೈಕು ಮನೆಗೆ ಬಂದ ಮೇಲೆ ಮೂರು ವಾರ ನನ್ನ ಗಂಡ ವಾಟಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಸದ ಡಬ್ಬಿ ಹೊರಗಿಡಲು ಹಿತ್ತಲಿಗೆ ಹೋದಾಗ ಶೆಡ್ಡಿನ ಬಾಗಿಲು ತೆರೆದಿದ್ದರೆ, ಅಲ್ಲೊಂದು ಹೆಣ ಇಟ್ಟಿದೆಯೇನೋ ಎನ್ನುವ ಹಾಗೆ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದ. ಅಂಥವನು ಮಾರ್ಚ್ ತಿಂಗಳ ಮೊದಲ ಶನಿವಾರ, ಅಂಚೆಯಲ್ಲಿ ಬಂದ ಒಂದು ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ತಂದಿಟ್ಟ.

"ನಿನ್ನ ಬೈಕಿಗೆ. ಚೈನಿಗೆ ತಾನಾಗೇ ಎಣ್ಣೆ ಬಿಡುತ್ತೆ. ನಾನೇ ಹಾಕ್ಕೊಡ್ತೀನಿ."

ಸಂತೋಷವಾಗಬೇಕಿತ್ತು. ಬದಲಿಗೆ ಪೆಟ್ಟಿಗೆಯನ್ನು ಮುಟ್ಟದೆ ನೋಡಿದೆ. ಈಗ ಯಾಕೆ ಇದು?

"ಇದ್ದಕ್ಕಿದ್ದ ಹಾಗೆ ಏನಿದು ಪ್ರೀತಿ?" ಎಂದೆ.

"ಜೂನಲ್ಲಿ ಸಾವಿರ ಮೈಲಿ ಓಡಿಸ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀಯ. ದಿನಾ ಸಂಜೆ ಮೊಣಕಾಲೂರಿ ಚೈನಿಗೆ ಎಣ್ಣೆ ಹಚ್ತೀಯಾ?"

"ಹಚ್ತೀನಿ."

"ಮಳೇಲಿ?"

"ಮಳೇಲೂ."

"ಮೂರನೇ ದಿನ ಬಿಟ್ಟುಬಿಡ್ತೀಯ. ನನಗೆ ಗೊತ್ತಿಲ್ವಾ ನಿನ್ನ."

ನನಗೆ ಐವತ್ತಾರು. ಬೈಕು ಓಡಿಸುವ ಪರವಾನಗಿ ಸಿಕ್ಕಿದ್ದು ಹಿಂದಿನ ವರ್ಷ, ಎರಡನೇ ಪ್ರಯತ್ನಕ್ಕೆ. ಸ್ಕಾಟ್ಲೆಂಡಿನ ದಕ್ಷಿಣ ಗಡಿಯ ನಮ್ಮ ಹಾಯಿಕ್ ಉಣ್ಣೆ ಹೆಣಿಗೆಯ ಊರು. ಇಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಗಿರಣಿ ಸೇರುತ್ತಿದ್ದರು, ನಾವಿಬ್ಬರೂ ಸೇರಿದೆವು. ವಾಟಿ ಕೆಳಗಿನ ಅಂತಸ್ತಿನಲ್ಲಿ ಹೆಣಿಗೆ ಯಂತ್ರಗಳನ್ನು ಸರಿಹೊಂದಿಸುವ ಮೆಕ್ಯಾನಿಕ್ಕು. ನಾನು ಮೇಲಿನ ದುರಸ್ತಿ ಕೋಣೆಯಲ್ಲಿ, ಕ್ಯಾಶ್ಮೀರ್ ಉಣ್ಣೆಯ ಸ್ವೆಟರುಗಳಲ್ಲಿ ಜಾರಿಹೋದ ಕುಣಿಕೆಗಳನ್ನು ಸೂಜಿಯಿಂದ ಎತ್ತಿ ಕೂಡಿಸುವವಳು. ಗಿರಣಿ ಮುಚ್ಚಿದಾಗ ವಾಟಿ ಈರುಳ್ಳಿ ಜಾತಿಯ ಲೀಕ್ ಬೆಳೆಯಲು ಹೋದ. ನಾನು ಏನು ಮಾಡಬೇಕೆಂದು ಗೊತ್ತಾಗದೆ ಎರಡು ವರ್ಷ ಕಿಟಕಿ ಒರೆಸಿದೆ. ಆಮೇಲೆ ಬೈಕು ಕಲಿತೆ. ಜೂನಿನ ಮೊದಲ ವಾರ ಸ್ಕಾಟ್ಲೆಂಡಿನ ಉತ್ತರದ ಕೊನೆಯಲ್ಲಿರುವ ಡರ್ನೆಸ್‌ವರೆಗೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೆ. ಎಂಟು ದಿನ. ಒಬ್ಬಳೇ.

ವಾಟಿ ಬೇಡ ಎನ್ನಲಿಲ್ಲ. ಬೇಡ ಎಂಬ ಮಾತು ನಮ್ಮ ಮನೆಯಲ್ಲಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಸಿರಲಿಲ್ಲ. ಇಲ್ಲಿ ಎಲ್ಲವೂ ತಡವಾಗುತ್ತದೆ, ಅಷ್ಟೇ. ನಾನು ಕಾರು ಕಲಿಯಬೇಕೆಂದಾಗ ಅರ್ಜಿ ಅವನ ಕೋಟಿನ ಜೇಬಿನಲ್ಲೇ ಉಳಿದುಬಿಟ್ಟಿತು. ಸಂಜೆಯ ಚಿತ್ರಕಲೆ ತರಗತಿಗೆ ಸೇರಿದ ವಾರವೇ ಅವನ ಬೆನ್ನು ಹಿಡಿದುಕೊಂಡಿತು. ಜಗಳವಾಡಲು ಯಾವ ತುದಿಯೂ ಸಿಗುತ್ತಿರಲಿಲ್ಲ. ಬೆನ್ನು ನೋವೆಂದು ಮಲಗಿರುವವನನ್ನು ಬಯ್ಯುವುದು ಹೇಗೆ? ಹೀಗಾಗಿ ನಾನು ಅವನ ಮಾತಿಗಿಂತ ಅವನ ಸಹಾಯಕ್ಕೆ ಹೆದರುವುದನ್ನು ಕಲಿತಿದ್ದೆ.

ಅವನು ಕೆಲಸ ಮಾಡುವಾಗ ನಾನು ಶೆಡ್ಡಿನ ಬಾಗಿಲಲ್ಲೇ ನಿಂತೆ. ಕಲ್ಲಿನ ಶೆಡ್ಡು. ಒಳಗೆ ಉಸಿರು ಹೊಗೆಯಾಗುತ್ತಿತ್ತು. ಹಳೇ ಕಂಬಳಿ ಮಡಚಿ ಮೊಣಕಾಲ ಕೆಳಗೆ ಹಾಕಿಕೊಂಡು ಸೀಟು ಬಿಚ್ಚಿದ, ಟ್ಯಾಂಕು ಎತ್ತಿದ. ಕೆಂಪು ಎಣ್ಣೆ ತುಂಬುವ ಪುಟ್ಟ ಡಬ್ಬಿಯನ್ನು ಸೀಟಿನ ಕೆಳಗೆ ಕಟ್ಟಿ, ಅದರಿಂದ ಒಂದು ಸಣ್ಣ ಕೊಳವೆಯನ್ನು ಎಂಜಿನ್ನು ಗಾಳಿ ಎಳೆದುಕೊಳ್ಳುವ ಜಾಗಕ್ಕೆ ಸಿಕ್ಕಿಸಿದ. ಎಂಜಿನ್ನು ಉಸಿರೆಳೆದರೆ ಕವಾಟ ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಇನ್ನೊಂದು ಕೊಳವೆ ಹಿಂದಿನ ಚಕ್ರದವರೆಗೆ ಹೋಗಿ, ಚೈನು ಸುತ್ತುವ ಹಲ್ಲುಚಕ್ರದ ಅಂಚಿಗೆ ಒಂದು ಕೊಕ್ಕಿನಂತೆ ತಾಗಿ ನಿಂತಿತು. ಆ ಕೊಕ್ಕಿನಿಂದ ಟೈರಿಗೆ ನನ್ನ ಅಂಗೈಯಷ್ಟು ದೂರವೂ ಇರಲಿಲ್ಲ.

"ಎಣ್ಣೆ ಟೈರಿಗೆ ಬಿದ್ರೆ?" ಎಂದು ಕೇಳಿದೆ.

"ಬೀಳಲ್ಲ."

"ಬಿದ್ರೆ ಅಂದೆ."

"ಬಿದ್ರೆ ಜಾರ್ತೀಯ." ತಲೆ ಎತ್ತದೆ ಹೇಳಿದ. "ಅದಕ್ಕೇ ನಿಮಿಷಕ್ಕೆ ಎರಡೇ ಹನಿ. ಗಿರಣೀಲೂ ಅಷ್ಟೇ ಬಿಡ್ತಿದ್ದಿದ್ದು. ಒಂದು ಹನಿ ಹೆಚ್ಚಾದ್ರೆ ಬಿಳೀ ಕ್ಯಾಶ್ಮೀರು ಹಾಳು, ಕಮ್ಮಿಯಾದ್ರೆ ಸೂಜಿ ಮುರೀತು. ಹೋಗು, ಟೀ ಮಾಡು. ನೀನು ನೋಡ್ತಾ ನಿಂತ್ರೆ ನನಗೆ ಲೆಕ್ಕ ತಪ್ಪುತ್ತೆ."

ಪೆಟ್ಟಿಗೆಯ ಜೊತೆ ಬಂದ ಸೂಚನೆಯ ಕಾಗದ ಮಡಿಕೆಯೂ ಬಿಚ್ಚದೆ ಬೆಂಚಿನ ಮೇಲೆ ಬಿದ್ದಿತ್ತು. ನಾನು ಹೋಗಿ ಕೆಟಲ್ಲು ಇಟ್ಟೆ. ಅಡುಗೆಮನೆಯ ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವನಿಗೂ ಒಂದು ಬೈಕಿತ್ತು. ಆಗೆಲ್ಲ ಭಾನುವಾರ ಬೆಳಗ್ಗೆ ಚೈನನ್ನು ಬಿಚ್ಚಿ, ಗ್ರೀಸಿನ ಡಬ್ಬಿಯಲ್ಲಿಟ್ಟು ನನ್ನ ಒಲೆಯ ಮೇಲೆ ಬೇಯಿಸುತ್ತಿದ್ದ. ಮನೆಯೆಲ್ಲ ಮಸಿವಾಸನೆ. ಆ ಬೈಕಿನ ಹಿಂದಿನ ಸೀಟಿನಲ್ಲಿ ಅವನ ಸೊಂಟ ಹಿಡಿದು ಕೂತಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಹಿಡಿ ಅವನ ಕೈಯಲ್ಲಿತ್ತು ಎನ್ನುವ ಕಾರಣಕ್ಕೇ ಇರಬಹುದು.

ಟೀ ತೆಗೆದುಕೊಂಡು ಹೋದಾಗ ಕೆಲಸ ಮುಗಿದಿತ್ತು. ಹರಿವನ್ನು ಹೊಂದಿಸುವ ತಿರುಪು ಆರನೇ ಗೀಟಿನಲ್ಲಿ ನಿಂತಿತ್ತು. "ನಿಮಿಷಕ್ಕೆ ಎರಡು. ಐದು ಸಲ ಎಣಿಸಿದೀನಿ" ಎಂದ.

ಮಾರ್ಚು, ಏಪ್ರಿಲ್ ಕಳೆದವು. ವಾರಕ್ಕೆರಡು ಸಲ ಸೆಲ್ಕರ್ಕಿನ ಕಡೆಗೋ ಜೆಡ್‌ಬರ್ಗಿನ ಕಡೆಗೋ ಹೋಗಿ ಬರುತ್ತಿದ್ದೆ. ಮಂಜು, ಜಡಿಮಳೆ, ಹಿಮ ಕರಗಲೆಂದು ಸುರಿದು ರಸ್ತೆಯ ಮೇಲೆ ಉಳಿದ ಉಪ್ಪು. ಚೈನು ಮಾತ್ರ ಹೊಸದರ ಹಾಗೇ ಮಿನುಗುತ್ತಿತ್ತು. ಪ್ರತಿ ಸಲ ಮನೆಗೆ ಬಂದು ಟೈರು ಮುಟ್ಟಿ ನೋಡುತ್ತಿದ್ದೆ, ಒಣಗಿರುತ್ತಿತ್ತು. ನನ್ನ ಅನುಮಾನಕ್ಕೆ ನಾನೇ ನಾಚಿಕೊಳ್ಳತೊಡಗಿದ್ದೆ.

ಮೇ ತಿಂಗಳ ಮೂರನೇ ಶನಿವಾರ ನಮ್ಮ ಕಡೆ ಅಪರೂಪಕ್ಕೆ ಬರುವಂಥ ಬಿಸಿಲು ಬಂತು. ಇಪ್ಪತ್ತೈದು ಡಿಗ್ರಿ. ಹೈಸ್ಟ್ರೀಟಿನಲ್ಲಿ ಗಂಡಸರು ಅಂಗಿ ಬಿಚ್ಚಿ ಬೆಣ್ಣೆಯಂಥ ಮೈ ತೋರಿಸಿಕೊಂಡು ಓಡಾಡುತ್ತಿದ್ದರು. ನಾನೂ ಜಿಂಟಿಯೂ ಸೇಂಟ್ ಮೇರಿ ಸರೋವರದ ಕೆಫೆಗೆ ಹೊರಟೆವು. ಜಿಂಟಿ ದುರಸ್ತಿ ಕೋಣೆಯಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವಳು. ನನಗೆ ಬೈಕಿನ ಹುಚ್ಚು ಹಿಡಿಸಿದವಳೂ ಅವಳೇ. ಎರಡು ಸಲ ಗಂಡಂದಿರನ್ನು ಬಿಟ್ಟವಳು, ಯಾವ ಬೈಕನ್ನೂ ಬಿಟ್ಟವಳಲ್ಲ.

ದಾರಿಯಲ್ಲಿ ಟುಷೀಲಾ ಎಂಬಲ್ಲಿನ ಇಳಿಜಾರಿನಲ್ಲಿ, ಎಡಕ್ಕೆ ಬಾಗುವ ತಿರುವಿನಲ್ಲಿ, ಬೈಕಿನ ಹಿಂಭಾಗ ನನ್ನ ಕೆಳಗಿಂದ ಪಕ್ಕಕ್ಕೆ ಸರಿಯಿತು. ಒಂದು ಗೇಣು ಸರಿದಿರಬಹುದು. ಮತ್ತೆ ತಾನೇ ಹಿಡಿದುಕೊಂಡಿತು. ನಾನೇನೂ ಮಾಡಲಿಲ್ಲ, ಮಾಡಲು ಹೊತ್ತೂ ಇರಲಿಲ್ಲ. ಕೆಳಗೆ ಸೇತುವೆಯ ಹತ್ತಿರ ನಿಲ್ಲಿಸಿ ಇಳಿದೆ.

ಬಿಳಿಯ ಮೇಲೆ ಬಿದ್ದ ಎಣ್ಣೆ ನೇರ ನೋಡಿದರೆ ಕಾಣುವುದಿಲ್ಲ, ಬೆಳಕು ಓರೆಯಾಗಿ ಬೀಳಬೇಕು. ದುರಸ್ತಿ ಕೋಣೆಯಲ್ಲಿ ಮೊದಲ ದಿನ ಕಲಿಸುವ ಪಾಠ ಇದು. ಕಪ್ಪಿನ ಮೇಲೂ ಹಾಗೇ. ಬಗ್ಗಿ, ತಲೆ ಓರೆ ಮಾಡಿ ನೋಡಿದೆ. ಟೈರಿನ ಎಡಗಡೆ ಅಂಚಿನ ಉದ್ದಕ್ಕೂ ತೆಳ್ಳನೆಯ ಹೊಳಪು. ರಿಮ್ಮಿನ ಮೇಲೆ ಕೆಂಪು ಗೆರೆಗಳು.

ಮುಂದೆ ಹೋಗಿದ್ದ ಜಿಂಟಿ ತಿರುಗಿ ಬಂದು ಹೆಲ್ಮೆಟ್ಟು ತೆಗೆದಳು.

"ಯಾಕೇ, ಉಚ್ಚೆಗೆ ಅರ್ಜೆಂಟಾ?"

ನಾನು ಬೆರಳು ತೋರಿಸಿದೆ. ಅವಳೂ ಬಗ್ಗಿದಳು, ಅವಳೂ ತಲೆ ಓರೆ ಮಾಡಿದಳು. ಎದ್ದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

"ಇದನ್ನ ಹಾಕಿದ್ದು ಯಾರು?"

"ವಾಟಿ."

"ಮೂವತ್ತೊಂದು ವರ್ಷ ಎಣ್ಣೆ ಹನಿ ಎಣಿಸಿದ ವಾಟಿ?"

"ಅವನೇ. ಕೈ ತಪ್ಪಿದೆ."

"ತಪ್ಪಿದೆಯೋ?"

"ಹಾಗಂದ್ರೇನೇ ಜಿಂಟಿ?"

"ನಾನೇನೂ ಅಂದಿಲ್ಲಪ್ಪ." ಪಕ್ಕದ ಕಲ್ಲಿನ ಗೋಡೆಗೆ ಒರಗಿದಳು. "ನೀನು ಬೀಳಲಿ ಅಂತ ಅವನಿಗೆ ಇರಲ್ಲ ಕಣೇ. ವಾಟಿ ಅಂಥವನಲ್ಲ. ಆದ್ರೆ ಒಂಚೂರು ಹೆದರಲಿ ಅಂತ ಇರಬಹುದು. ಹೆದರಿದ ಹೆಂಗಸು ತಾನಾಗೇ ಮನೇಲಿರ್ತಾಳೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಿನಗೆ ಗಂಡಸರು ಅಂದ್ರೆ ಎಲ್ಲರೂ ಒಂದೇ."

"ಇಲ್ಲ. ಕೆಲವರಿಗೆ ಕೂದಲಿರುತ್ತೆ."

ತಿರುಪನ್ನು ಪೂರ್ತಿ ಮುಚ್ಚಿ ಕೆಫೆಯವರೆಗೆ ನಡಿಗೆಯ ವೇಗದಲ್ಲಿ ಹೋದೆ. ಅಲ್ಲಿ ಪಾತ್ರೆ ತೊಳೆಯುವ ಸೋಪು, ಬಿಸಿನೀರು ಕೇಳಿ ಟೈರು ತೊಳೆದೆ. ಸರೋವರ ನೀಲಿಯಾಗಿತ್ತು, ಜನ ಐಸ್‌ಕ್ರೀಮು ತಿನ್ನುತ್ತಿದ್ದರು. ನನ್ನ ಬಾಯಿಗೆ ಏನೂ ಸೇರಲಿಲ್ಲ. ಎಂಟು ದಿನ, ಒಬ್ಬಳೇ, ಸಮುದ್ರದ ಅಂಚಿನ ಒಂಟಿ ರಸ್ತೆಗಳಲ್ಲಿ, ಗಂಡ ಕಟ್ಟಿಕೊಟ್ಟ ಈ ಕೊಕ್ಕಿನ ಮುಂದೆ ನಾನು ಕೂತಿರಬೇಕು. ಅದನ್ನು ಕಟ್ಟಿದ ಕೈಯನ್ನು ನಂಬಬಹುದೇ ಇಲ್ಲವೇ ಎನ್ನುವುದು ತಿಳಿಯದೆ ನಾನು ಉತ್ತರಕ್ಕೆ ಹೋಗುವಂತಿರಲಿಲ್ಲ. ನಿಜ ಹೇಳಬೇಕೆಂದರೆ ಮನೆಗೆ ಹೋಗುವುದೂ ಕಷ್ಟವಾಗಿತ್ತು.

ಸಂಜೆ ಶೆಡ್ಡಿನಲ್ಲಿ ಬೈಕು ನಿಲ್ಲಿಸಿ ನಾನು ಮಾಡಿದ ಕೆಲಸವನ್ನು ಈಗ ನೆನೆದರೂ ಒಂಥರಾ ಆಗುತ್ತದೆ. ತಿರುಪನ್ನು ಮತ್ತೆ ಆರನೇ ಗೀಟಿಗೇ ತಿರುಗಿಸಿದೆ. ರಿಮ್ಮಿನ ಮೇಲಿನ ಕೆಂಪು ಗೆರೆಗಳನ್ನು ಒರೆಸದೆ ಬಿಟ್ಟೆ. ಇಲಿಬೋನಿಗೆ ತಿಂಡಿ ಇಡುವ ಹಾಗೆ.

"ಹೇಗಿತ್ತು ಸವಾರಿ?" ಊಟಕ್ಕೆ ಕೂತಾಗ ವಾಟಿ ಕೇಳಿದ.

"ಚೆನ್ನಾಗಿತ್ತು."

"ಬೈಕು?"

"ಅದೂ ಚೆನ್ನಾಗಿತ್ತು."

ಆಲೂಗಡ್ಡೆ ಕಿವುಚುತ್ತಿದ್ದ ಅವನ ಫೋರ್ಕು ನಿಂತಿತು. ನನ್ನನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ. "ತುಂಬಾ ಬಿಸಿಲಿತ್ತು ಇವತ್ತು" ಎಂದ.

"ಹೂಂ."

ಭಾನುವಾರ ನಾನೇಳುವ ಹೊತ್ತಿಗೆ ಹಾಸಿಗೆಯ ಅವನ ಬದಿ ಖಾಲಿ. ಅವನು ಲೀಕ್ ಮಡಿಗೆ ಹೋದ ಮೇಲೆ ಶೆಡ್ಡಿಗೆ ಹೋಗಿ ನೋಡಿದೆ. ರಿಮ್ಮು ಕನ್ನಡಿಯಂತಿತ್ತು. ಟೈರು ನಾನು ತೊಳೆದಿದ್ದಕ್ಕಿಂತ ಚೆನ್ನಾಗಿ ತೊಳೆದು ಒಣಗಿಸಿತ್ತು. ತಿರುಪು ಎರಡನೇ ಗೀಟಿನಲ್ಲಿತ್ತು.

ಹಾಗಾದರೆ ಅವನಿಗೆ ಗೊತ್ತು. ಕೈ ತಪ್ಪಿದ ಮನುಷ್ಯ ಹೆಂಡತಿಯ ಹತ್ತಿರ ಬಂದು, ಅಯ್ಯೋ ಹೀಗಾಯಿತು, ನಿನಗೇನೂ ಆಗಲಿಲ್ಲವಲ್ಲ ಎನ್ನುತ್ತಾನೆ. ಗುರುತು ಅಳಿಸಿ ಲೀಕ್ ಗಿಡಕ್ಕೆ ನೀರು ಹಾಕಲು ಹೋಗುವುದಿಲ್ಲ. ದಿನವಿಡೀ ಅವನು ಬಾಯಿ ಬಿಡುತ್ತಾನೆಂದು ಕಾದೆ. ಹುರಿದ ಮಾಂಸ ಬಡಿಸುವಾಗ ಕಾದೆ, ಪಾತ್ರೆ ಒರೆಸುವಾಗ ಕಾದೆ. ಈ ವರ್ಷ ಬಸವನಹುಳು ಜಾಸ್ತಿ ಎಂದ.

ಸೋಮವಾರ ಫ್ರಿಜ್ಜಿನಲ್ಲಿ, ಬೆಣ್ಣೆಯ ಹಿಂದೆ, ಒಂದು ಖಾಲಿ ಜಾಮ್ ಬಾಟಲಿ ಇತ್ತು. ಖಾಲಿಯಲ್ಲ. ತಳದಲ್ಲಿ ಎರಡು ಬೆರಳಷ್ಟು ಕೆಂಪು ಎಣ್ಣೆ. ನಾನು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಅದು ಕೂಗಿಕೊಳ್ಳುವವರೆಗೂ ನಿಂತೆ. ಸಂಜೆ ನೋಡಿದರೆ ಬಾಟಲಿ ಇರಲಿಲ್ಲ. ಬೆಣ್ಣೆ ಮಾತ್ರ ಇತ್ತು. ಜಿಂಟಿಗೆ ಫೋನು ಮಾಡಿ ಹೇಳಿದೆ.

"ಫ್ರಿಜ್ಜಲ್ಲಾ? ಬ್ರೆಡ್ಡಿಗೆ ಸವರಿ ತಿಂತಾನೇನು?" ಎಂದು ನಕ್ಕಳು. ಆಮೇಲೆ, "ನೆಟ್ಟಾ, ನಮ್ಮ ಮನೆಗೆ ಬಂದು ಎರಡು ದಿನ ಇರ್ತೀಯಾ?" ಎಂದಳು. ಅವಳು ನಕ್ಕಿದ್ದಕ್ಕಿಂತ ಹಾಗೆ ಕೇಳಿದ್ದು ನನ್ನನ್ನು ಹೆದರಿಸಿತು.

ಮಂಗಳವಾರ ಮಧ್ಯಾಹ್ನ ಸೂಪು ಬಡಿಸುತ್ತಾ, "ಜೂನ್‌ವರೆಗೂ ಕಾಯಲ್ಲ ನಾನು. ಈ ಗುರುವಾರವೇ ಹೊರಡ್ತೀನಿ" ಎಂದೆ. ಅವನ ಮುಖದ ಮೇಲೇ ಕಣ್ಣಿಟ್ಟಿದ್ದೆ.

ಅವನು ಚಮಚ ಕೆಳಗಿಟ್ಟ. "ಗುರುವಾರ ಬೇಡ."

ಮೂವತ್ತು ವರ್ಷದಲ್ಲಿ ಮೊದಲ ಬೇಡ.

"ಯಾಕೆ?"

"ಬಿಸಿಲು ಅಂತೆ. ವಾರವಿಡೀ ಬಿಸಿಲು ಅಂತ ರೇಡಿಯೋದಲ್ಲಿ ಹೇಳಿದ್ರು."

ಮಳೆ ಎಂದು ಪಯಣ ನಿಲ್ಲಿಸಿದವರನ್ನು ನೋಡಿದ್ದೇನೆ. ಹಿಮವೆಂದು ಮದುವೆ ಮುಂದೂಡಿದವರನ್ನು ನೋಡಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮನುಷ್ಯನೊಬ್ಬ, ಬಿಸಿಲಿದೆ ಹೋಗಬೇಡ ಎಂದದ್ದನ್ನು ಅದೇ ಮೊದಲು ಕೇಳಿದ್ದು.

ನಾನೂ ಚಮಚ ಇಟ್ಟೆ. "ಭಾನುವಾರ ಬೆಳಗ್ಗೆ ಶೆಡ್ಡಿಗೆ ಯಾಕೆ ಹೋಗಿದ್ದೆ?"

"ಗುದ್ದಲಿ ಬೇಕಿತ್ತು."

"ಗುದ್ದಲೀಲಿ ರಿಮ್ಮು ಒರೆಸಿದ್ಯಾ?"

ಅವನ ಕಿವಿಯ ತುದಿ ಕೆಂಪಾಯಿತು.

"ಶನಿವಾರ ಟುಷೀಲಾ ಇಳಿಜಾರಲ್ಲಿ ನನ್ನ ಹಿಂದಿನ ಚಕ್ರ ಜಾರಿತು ವಾಟಿ. ಎದುರಿಂದ ಒಂದು ಕುರಿ ಲಾರಿ ಬಂದಿದ್ರೆ ನೀನಿವತ್ತು ಈ ಸೂಪು ಒಬ್ಬನೇ ಕುಡೀಬೇಕಿತ್ತು. ನೇರವಾಗಿ ಕೇಳ್ತೀನಿ, ನೇರವಾಗಿ ಹೇಳು. ಬೇಕಂತ ಮಾಡಿದ್ಯಾ?"

ಅವನ ಬಣ್ಣ ಇಳಿಯಿತು. ಅದು ಸಿಕ್ಕಿಬಿದ್ದವನ ಮುಖವೋ, ಹೊಡೆತ ತಿಂದವನ ಮುಖವೋ ನನಗೆ ತಿಳಿಯಲಿಲ್ಲ. ಮೂವತ್ತು ವರ್ಷ ನೋಡಿದ ಮುಖ.

"ಜಾರಿತಾ?" ಎಂದ. "ಜಾರಿತು ಅಂತ ನೀನು ಹೇಳಲಿಲ್ಲ."

"ಒರೆಸಿದೆ ಅಂತ ನೀನೂ ಹೇಳಲಿಲ್ಲ."

ಎದ್ದು ಹೊರಗೆ ಹೋದ. ತಪ್ಪಿಸಿಕೊಂಡ ಎಂದುಕೊಂಡೆ. ಅವನು ಎರಡು ಜಾಮ್ ಬಾಟಲಿ ಹಿಡಿದುಕೊಂಡು ವಾಪಸು ಬಂದ. ಎರಡರಲ್ಲೂ ಎರಡೆರಡು ಬೆರಳು ಕೆಂಪು ಎಣ್ಣೆ. ಒಂದನ್ನು ಫ್ರಿಜ್ಜಿನಲ್ಲಿಟ್ಟ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ. ಸೂಪು ತಣ್ಣಗಾಗುತ್ತಾ ಹೋಯಿತು. ನಾವು ಅರ್ಧ ಗಂಟೆ ಕಾದು ಕೂತೆವು. ಆಮೇಲೆ ಎರಡನ್ನೂ ನನ್ನ ಮುಂದೆ ತಂದು, ಒಟ್ಟಿಗೆ ವಾಲಿಸಿದ. ಕಿಟಕಿಯದು ನೀರಿನಂತೆ ಓಡಿತು. ಫ್ರಿಜ್ಜಿನದು ಜೇನಿನಂತೆ ತೆವಳಿತು.

"ಮಾರ್ಚಲ್ಲಿ ಶೆಡ್ಡು ಮೂರು ಡಿಗ್ರಿ ಇತ್ತು" ಎಂದ. "ಎಣ್ಣೆ ಗಟ್ಟಿ ಇತ್ತು. ಎರಡು ಹನಿ ಬರ್ಬೇಕು ಅಂತ ತಿರುಪನ್ನ ಆರರವರೆಗೂ ತೆರೆದೆ. ಶನಿವಾರದ ಬಿಸಿಲಿಗೆ ಅದೇ ಆರರಲ್ಲಿ ಎಂಟೋ ಹತ್ತೋ ಹನಿ ಬಿದ್ದಿರುತ್ತೆ. ಎಣ್ಣೆಗೂ ಚಳಿ ಬಿಸಿಲು ಇದೆ ಅಂತ ನನಗೆ ಹೊಳೀಲೇ ಇಲ್ಲ ನೆಟ್ಟಾ."

"ಮೂವತ್ತೊಂದು ವರ್ಷ ಎಣ್ಣೆ ನೋಡಿದೀಯ."

"ಗಿರಣೀಲಿ ನೋಡಿದೀನಿ. ಗಿರಣೀಲಿ ಹವಾಮಾನ ಎಲ್ಲಿತ್ತು? ನೂಲು ಕೆಡಬಾರದು ಅಂತ ಜನವರೀಲೂ ಇಪ್ಪತ್ತೊಂದು ಡಿಗ್ರಿ, ಜುಲೈನಲ್ಲೂ ಇಪ್ಪತ್ತೊಂದು. ಒಂದ್ಸಲ ತಿರುಪು ಕೂರಿಸಿದ್ರೆ ನಾವು ನಿವೃತ್ತಿ ಆಗೋವರೆಗೂ ಅಲ್ಲೇ."

"ಕಾಗದದಲ್ಲಿ ಬರೆದಿರಲಿಲ್ವಾ?"

"ಬರೆದಿದೆ. ದಪ್ಪ ಅಕ್ಷರದಲ್ಲಿ. ಭಾನುವಾರ ಓದಿದೆ."

ನಮ್ಮೂರಿನ ಗಿರಣಿ ಮೆಕ್ಯಾನಿಕ್ಕುಗಳು ದೇವರ ಪುಸ್ತಕವನ್ನಾದರೂ ಓದಿಯಾರು, ಎಣ್ಣೆಯ ಬಗ್ಗೆ ಬೇರೆಯವರು ಬರೆದ ಕಾಗದ ಓದುವವರಲ್ಲ. ಅದು ಸುಳ್ಳಲ್ಲವೆಂದು ನನಗೆ ತಕ್ಷಣ ಗೊತ್ತಾಯಿತು. ಆದರೂ ನನಗೆ ಅಷ್ಟು ಸಾಲಲಿಲ್ಲ.

"ಅಷ್ಟನ್ನ ಭಾನುವಾರವೇ ಹೇಳೋಕೆ ಏನಾಗಿತ್ತು ನಿನಗೆ?"

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ. "ಮೂವತ್ತೊಂದು ವರ್ಷದಲ್ಲಿ ನನ್ನ ಯಂತ್ರದಿಂದ ಒಂದು ಹನಿ ಬಟ್ಟೆ ಮೇಲೆ ಬಿದ್ದಿಲ್ಲ. ಊರಿಗೆಲ್ಲ ಗೊತ್ತು. ಮೊದಲನೇದು ಬೀಳೋದು ನಿನ್ನ ಟೈರಿನ ಮೇಲೇನಾ?"

ದುರಸ್ತಿ ಕೋಣೆಯ ಹೆಂಗಸರು ಹೊರಗೆ ಆಡದ ಒಂದು ಮಾತಿತ್ತು. ನಾನೂ ಆಡಿರಲಿಲ್ಲ. ಗಿರಣಿ ಮುಚ್ಚಿದ ದಿನ ಎಲ್ಲರೂ ಕುಡಿದು ಅಳುತ್ತಿದ್ದಾಗಲೂ ಆಡಿರಲಿಲ್ಲ.

"ಬಿದ್ದಿದೆ" ಎಂದೆ.

"ಏನು?"

"ಹನಿ. ನಿನ್ನ ಯಂತ್ರದ್ದು. ಬೇಕಾದಷ್ಟು ಸಲ ಬಿದ್ದಿದೆ. ಸೀಮೆಸುಣ್ಣದ ಪುಡಿ ಹಾಕಿ ಹೀರಿಸಿ, ಸೋಪಿನ ನೀರಲ್ಲಿ ತೊಳೆದು, ಇಸ್ತ್ರಿ ಮಾಡಿ ಕಳಿಸಿಬಿಡ್ತಿದ್ವಿ. ಕೆಳಗೆ ವಾಪಸ್ ಕಳಿಸಿದ್ರೆ ಮೆಕ್ಯಾನಿಕ್ಕಿಗೆ ಅವಮಾನ ಅಂತ. ನಿನ್ನದನ್ನ ಬೇರೆಯವರ ಕೈಗೆ ಕೊಡ್ತಿರಲಿಲ್ಲ ನಾನು. ನಾನೇ ತೊಳೀತಿದ್ದೆ."

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. ಕೋಪ ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಭುಜಗಳು ಇಳಿದವು, ಅಷ್ಟೇ. ಭಾರ ಇಳಿಸಿದವನ ಹಾಗೂ ಇತ್ತು, ಹೊತ್ತವನ ಹಾಗೂ ಇತ್ತು.

"ಹಾಗಾದ್ರೆ ನಾನೂ ಒಂದು ಹೇಳಬೇಕು" ಎಂದ.

"ಹೇಳು."

"ನಿನಗೆ ಮೂವತ್ಮೂರೋ ಮೂವತ್ನಾಲ್ಕೋ ಇರಬೇಕು ಆಗ. ಇಟಲಿಯ ಗಿರಣಿಯವರು ನಮ್ಮಲ್ಲಿಂದ ಒಬ್ಬಳನ್ನ ಕೇಳಿದ್ರು. ಮೂರು ತಿಂಗಳು ಅಲ್ಲಿದ್ದು ಅಲ್ಲಿಯ ಹುಡುಗಿಯರಿಗೆ ಕೈದುರಸ್ತಿ ಕಲಿಸೋಕೆ. ಮ್ಯಾನೇಜರು ನಿನ್ನ ಹೆಸರು ಬರೆದ್ರು. ಹೇಗಿದ್ರೂ ಮನೆಗೆ ಹೋಗ್ತೀಯಲ್ಲ ಅಂತ ಕಾಗದವನ್ನ ನನ್ನ ಕೈಗೆ ಕೊಟ್ರು."

ನಾನು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಎರಡು ದಿನ ಬಿಟ್ಟು, ಅವಳಮ್ಮನಿಗೆ ಹುಷಾರಿಲ್ಲ, ಬರೋಕಾಗಲ್ಲ ಅಂತ ಹೇಳ್ದೆ. ಜಿಂಟಿ ಹೋದಳು."

ಜಿಂಟಿ ಹೋಗಿದ್ದು ನಿಜ. ಮೂರು ತಿಂಗಳಿಗೆಂದು ಹೋದವಳು ಒಂದು ವರ್ಷ ಇದ್ದು, ಬೈಕು ಓಡಿಸುವುದನ್ನು ಅಲ್ಲೇ ಕಲಿತು ಬಂದಳು. ಅವಳು ಕಳಿಸಿದ್ದ ನಿಂಬೆಮರದ ಚಿತ್ರದ ಕಾರ್ಡನ್ನು ನಾನು ದುರಸ್ತಿ ಕೋಣೆಯ ಗೋಡೆಗೆ ಅಂಟಿಸಿ, ಅವಳ ಅದೃಷ್ಟ ಅಂದುಕೊಂಡು ಅದರ ಕೆಳಗೆ ಕೂತು ಕುಣಿಕೆ ಎತ್ತುತ್ತಿದ್ದೆ.

"ಯಾಕೆ?" ಎಂದೆ.

"ನೀನು ವಾಪಸ್ ಬರಲ್ಲ ಅನ್ನಿಸ್ತು."

"ಮೂರು ತಿಂಗಳಿಗೆ?"

"ಮೂರು ತಿಂಗಳಿಗೇ."

ಮಾರ್ಚಿನಿಂದ ನಾನು ನಾಯಿಯ ಹಾಗೆ ಆ ಎಣ್ಣೆಯ ಸುತ್ತ ಮೂಸಿದ್ದೆ. ಅವನ ಕೋಟಿನ ಜೇಬು, ಬೆನ್ನುನೋವು, ಚಿತ್ರಕಲೆಯ ತರಗತಿ, ಎಲ್ಲವನ್ನೂ ಮಗುಚಿ ಮಗುಚಿ ನೋಡಿದ್ದೆ. ಇದೊಂದರ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಇಷ್ಟು ಜಾಗರೂಕಳಾದ ನಾನು, ನಿಜವಾದ ಜಾಗದ ಮುಂದೆ ಇಪ್ಪತ್ತೆರಡು ವರ್ಷ ಕಣ್ಣು ಹಾಯಿಸದೆ ಓಡಾಡಿದ್ದೆ.

"ಇನ್ನೇನಾದ್ರೂ ಇದೆಯಾ?" ಎಂದೆ.

"ಇಲ್ಲ."

"ಯೋಚನೆ ಮಾಡಿ ಹೇಳು."

ಅವನು ಯೋಚಿಸಿದ. ನಿಜಕ್ಕೂ ಯೋಚಿಸಿದ, ಹಣೆ ಸುಕ್ಕುಗಟ್ಟಿತು. "ಇಲ್ಲ. ಬೆನ್ನು ನಿಜವಾಗೂ ನೋಯ್ತಿತ್ತು" ಎಂದ. ನಗು ಬರಬೇಕಾದ ಮಾತು.

ಬುಧವಾರ ನಾನು ಸೂಚನೆಯ ಕಾಗದವನ್ನು ಎರಡು ಸಲ ಓದಿದೆ. ಹತ್ತು ಮೈಲಿ ಓಡಿಸಿ ಎಂಜಿನ್ನು ಬಿಸಿ ಮಾಡಿಕೊಂಡು ಬಂದು, ಹಿತ್ತಲಿನ ನಡುಬಿಸಿಲಿನಲ್ಲಿ ಬೈಕು ನಿಲ್ಲಿಸಿ, ಎಂಜಿನ್ನು ಓಡುತ್ತಿರುವಾಗಲೇ ಕೊಕ್ಕಿನ ಕೆಳಗೆ ರಟ್ಟಿನ ತುಂಡು ಹಿಡಿದು ಹನಿ ಎಣಿಸಿದೆ. ವಾಟಿ ಬಾಗಿಲಲ್ಲಿ ನಿಂತಿದ್ದ.

"ಹಿಡ್ಕೊಳ್ಳಲಾ ರಟ್ಟನ್ನ?"

"ಬೇಡ."

ಎರಡನೇ ಗೀಟಿಗೂ ಸ್ವಲ್ಪ ಹಿಂದಕ್ಕೆ ತಿರುಗಿಸಿದಾಗ ನಿಮಿಷಕ್ಕೆ ಎರಡು ಬಂತು. ಮತ್ತೆ ಎಣಿಸಿದೆ. ಅವನು ಇನ್ನೂ ನಿಂತೇ ಇದ್ದ.

"ಉತ್ತರಕ್ಕೆ ಹೋದ ಹಾಗೆ ಚಳಿ ಜಾಸ್ತಿ ಆಗುತ್ತೆ. ಅಲ್ಲಿ ಒಂಚೂರು ತೆರೀಬೇಕಾಗುತ್ತೆ" ಎಂದ.

"ಕಾಗದದಲ್ಲಿ ಓದಿದೆ" ಎಂದೆ.

ಗುರುವಾರ ಬೆಳಗ್ಗೆ ನಾನು ಹೊರಡುವಾಗ ಅವನು ಗೇಟು ತೆರೆದು ಹಿಡಿದ. ಯಾವತ್ತು ವಾಪಸು ಎಂದು ಕೇಳಲಿಲ್ಲ. ಮುಂದಿನ ಗುರುವಾರ ಎಂದು ಮೊದಲೇ ಗೊತ್ತಿತ್ತು, ಆದರೂ ಕೇಳಲು ಬಾಯಿ ತೆರೆದು ಮುಚ್ಚಿದ್ದು ಕನ್ನಡಿಯಲ್ಲಿ ಕಂಡಿತು. ನಾನೂ ಹೇಳಲಿಲ್ಲ. ಹೇಳಬಾರದೆಂದೇನಲ್ಲ. ಅಷ್ಟು ಖಚಿತವಾಗಿ ನನಗೂ ಗೊತ್ತಿರಲಿಲ್ಲ.

ಮೊದಲ ನಿಲುಗಡೆ ಪರ್ತ್ ದಾಟಿದ ಮೇಲೆ. ಇಳಿದು ಟೈರು ನೋಡಿದೆ. ಒಣಗಿತ್ತು. ಪಿಟ್‌ಲಾಕ್ರಿಯಲ್ಲಿ ನೋಡಿದೆ, ಒಣಗಿತ್ತು. ಚೈನು ಬೇಕಾದಷ್ಟೇ ಒದ್ದೆಯಾಗಿ ಹೊಳೆಯುತ್ತಿತ್ತು. ಡಾಲ್ವಿನಿಯ ಪೆಟ್ರೋಲ್ ಬಂಕಿನಲ್ಲಿ ಗುಡ್ಡದ ಗಾಳಿ ತಣ್ಣಗೆ ಬೀಸುತ್ತಿತ್ತು. ನಾನು ನೆಲಕ್ಕೆ ಒಂದು ಕೈಯೂರಿ, ತಲೆ ಓರೆ ಮಾಡಿ, ಟೈರಿನ ಅಂಚಿನ ಮೇಲೆ ಬೆಳಕು ಬೀಳುವ ಕೋನ ಹುಡುಕುತ್ತಿದ್ದೆ. ಪಂಪು ಒರೆಸುತ್ತಿದ್ದ ಮುದುಕಿಯೊಬ್ಬಳು ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದಳು.

"ಏನಾದ್ರೂ ಕಳ್ಕೊಂಡೆಯಾ ಮಗಳೇ?"

"ಇಲ್ಲ. ಎಣ್ಣೆ ಬಿದ್ದಿದೆಯಾ ಅಂತ ನೋಡ್ತಿದೀನಿ."

ಅವಳೂ ಬಗ್ಗಿ ನೋಡಿದಳು. "ಏನೂ ಇಲ್ವಲ್ಲ. ಚೆನ್ನಾಗಿದೆ."

"ಹೌದು, ಇಲ್ಲ" ಎಂದೆ. "ಮುಂದಿನ ಊರಲ್ಲೂ ಒಂದ್ಸಲ ನೋಡ್ತೀನಿ."